ಬಿಸಿಲಿನಲ್ಲಿ ಬಿದ್ದ ಎಲ್ಕ್

ಥೇನ್ ಅಣ್ಣ,

ಹನ್ನೊಂದು ವರ್ಷ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಿದೆವು, ಎಲ್ಕ್ ಜಿಂಕೆಯ ಬೇಟೆಗೆ ಸರ್ಕಾರ ಲಾಟರಿ ಎತ್ತಿ ಕೊಡುವ ಪರವಾನಗಿ ಚೀಟಿ ನಮ್ಮ ಹೆಸರಿಗೆ ಏಳಲೇ ಇಲ್ಲ. ಮೇ ತಿಂಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ನೀನು, "ಈ ಸಲದ ಅರ್ಜೀಲಿ ನನ್ ಹೆಸರೂ ಸೇರ್ಸಿದೀಯ ತಾನೇ?" ಎಂದು ಕೇಳಿದೆ. ನಾನು ಹೂಂ ಎಂದೆ. ಸೇರಿಸಿರಲಿಲ್ಲ.

ಜೂನಿನಲ್ಲಿ ಚೀಟಿ ಎದ್ದಿತು. ನೀನು ಹೋಗಿ ಹತ್ತು ದಿನವಾಗಿತ್ತು.

ನಿನ್ನೆ ಬೆಳಗ್ಗೆ ಗ್ರೇಬುಲ್ ಹೊಳೆಯ ಮೇಲಿನ ದಿಣ್ಣೆಯಲ್ಲಿ ಒಂದು ಗಂಡು ಎಲ್ಕ್ ಹೊಡೆದೆ. ಸೆಪ್ಟೆಂಬರಿನಲ್ಲೂ ಸುಡುಬಿಸಿಲು. "ಫೋಟೋ ಆಮೇಲೆ, ಮೊದ್ಲು ಚರ್ಮ ಬಿಡ್ಸೇ, ಕೆಟ್ಟೋಗತ್ತೆ!" ಎಂದು ನೀನು ಗದರುತ್ತಿದ್ದದ್ದು ನೆನಪಾಯಿತು. ಚರ್ಮ ಸುಲಿದು, ಮೂಳೆಯಿಂದ ಮಾಂಸ ಬಿಡಿಸಿ, ತೆಳು ಬಟ್ಟೆಯ ಚೀಲಗಳಲ್ಲಿ ತುಂಬಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿದೆ. ಐದು ಸಲ ಗಾಡಿಯವರೆಗೆ ಹೊತ್ತು ಇಳಿಸಿದೆ. ಪ್ರತಿ ಸಲ ಹತ್ತುವಾಗಲೂ ಉಳಿದದ್ದು ಕೆಟ್ಟಿರಬಹುದೆಂಬ ದಿಗಿಲು.

ತುಂಡು ಮಾಡಿಸಲು ಪೇಟೆಯ ಮಾಂಸದಂಗಡಿಗೆ ಒಯ್ದಾಗ ಅಲ್ಲಿನ ಮುದುಕ ಮೂಸಿ ನೋಡಿದ. "ಇಂಥಾ ಬಿಸ್ಲಲ್ಲೂ ಒಂಚೂರು ವಾಸ್ನೆ ಇಲ್ವಲ್ಲ! ಯಾರಮ್ಮ ಕಲ್ಸಿದ್ದು?"

"ನಮ್ಮಣ್ಣ."

"ಹೊರೋದೆಲ್ಲ ತಂಗಿಗೆ ಬಿಟ್ಟು ಗಾಡೀಲಿ ಮಲ್ಗಿದಾನಾ ಅವ್ನು?" ಮುದುಕ ನಕ್ಕ. "ಅವ್ನಿಗೆ ಯಾವ ತುಂಡು ಇಷ್ಟ?"

"ಬೆನ್ನಿಂದು" ಎಂದೆ.

ಬೇರೆಯಾಗಿಯೇ ಕಟ್ಟಿಕೊಟ್ಟ. ಇವತ್ತು ಬಾಣಲೆ ಕಾಯಲಿಟ್ಟು, ಆ ಪೊಟ್ಟಣ ಬಿಚ್ಚಲಾಗದೆ ಒಲೆ ಆರಿಸಿದೆ.

ನಿನ್ನ ತಂಗಿ,
ಲೋರ್ನಾ