ಕಥಾಗೋಷ್ಠಿಗೇ ಕರೆದರು, ಗೌರಕ್ಕಾ

ಒಡಹುಟ್ಟದೆಯೂ ಅಕ್ಕನಾದ ನನ್ನ ಗೌರಕ್ಕನಿಗೆ,

ನೀನು ಹೋದ ಮೇಲೆ ನಿನಗೆ ಹೇಳಬೇಕಾದ ಸುದ್ದಿ ಬಹಳ ಕೂಡಿಬಿಟ್ಟಿದೆ. ಬೇರೆ ಯಾರಿಗೆ ಹೇಳಿದರೂ ‘ಅಭಿನಂದನೆಗಳು’ ಅಂತ ಬರೆದು, ಮುಗಿದ ಕೈಗಳ ಚಿತ್ರವೊಂದನ್ನು ಒತ್ತಿ ಮುಗಿಸುತ್ತಾರೆ. ನೀನಾಗಿದ್ದರೆ ‘ಹೌದಾ? ಮುಂದೇನಾತು?’ ಅನ್ನುತ್ತಿದ್ದೆ. ಆ ‘ಮುಂದೇನಾತು’ ಕೇಳದೆ ನನಗೆ ಸುದ್ದಿ ಹೇಳಿದಂತೆಯೇ ಆಗುವುದಿಲ್ಲ. ಅದಕ್ಕೇ ಬರೆಯಲು ಕೂತೆ. ಯಾವ ವಿಳಾಸಕ್ಕೆ ಅಂತ ಮಾತ್ರ ಕೇಳಬೇಡ.

ನೀನು ಮೊದಲ ಸಲ ನನ್ನ ಝೆರಾಕ್ಸ್ ಅಂಗಡಿಗೆ ಬಂದದ್ದು ನೆನಪಿದೆಯಾ? ಅಫಜಲಪುರದ ಆಸ್ಪತ್ರೆಗೆ ನರ್ಸಾಗಿ ವರ್ಗವಾಗಿ ಬಂದಿದ್ದೆ, ನಿನ್ನ ಕವನಗಳನ್ನು ಟೈಪ್ ಮಾಡಿಸಬೇಕಿತ್ತು. ಇಡೀ ದಿನ ಪಹಣಿ, ಆದಾಯ ಪ್ರಮಾಣಪತ್ರ, ತಹಸೀಲ್ದಾರರಿಗೆ ಅರ್ಜಿ ಅಂತ ಬಡಿಯುತ್ತಿದ್ದ ನನಗೆ ಕವನ ಸಿಕ್ಕಿದ್ದೇ ಹಬ್ಬ. ಆ ಖುಷಿಯಲ್ಲಿ ಬಾಯಿ ತಡೆಯದೆ, “ಇಲ್ಲಿ ಈ ಸಾಲು ಬ್ಯಾಡ ಅನಸ್ತದ್ರಿ” ಅಂದುಬಿಟ್ಟೆ. ನೀನು ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದೆ. “ನೀ ಏನ್ ಬರೀತೀ ಬೇ?” “ನಾ ಎಲ್ಲಿ ಬರೀತೇನ್ರಿ...” “ಬರೀದೆ ಇದ್ದೋರು ಹಿಂಗ ಮಾತಾಡಂಗಿಲ್ಲ. ತಗಿ ಹೊರಗ.” ಗಿರಾಕಿಗಳ ಅರ್ಜಿಗಳ ನಡುವೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಕತೆಯನ್ನು ನೀನು ನಿಂತಲ್ಲೇ ಓದಿದೆ. ತಾಯಿ ತೀರಿಕೊಂಡ ಮೇಲೆ ಒಂದು ಹೊಲಿಗೆ ಮಷಿನ್ನಿಗಾಗಿ ಮಾತು ಬಿಡುವ ಅಕ್ಕತಂಗಿಯರ ಕತೆ. ಓದಿ, “ತಂಗಿ ಯಾಕ ಅಷ್ಟು ಲಗೂ ಅಳ್ತಾಳ?” ಅಂದೆ. ಚೆನ್ನಾಗಿದೆ ಅನ್ನಲಿಲ್ಲ, ಕೆಟ್ಟದಾಗಿದೆ ಅನ್ನಲಿಲ್ಲ. ಅವತ್ತಿನಿಂದಲೇ ನೀನು ನನಗೆ ಅಕ್ಕ ಆದದ್ದು.

ನಾವಿಬ್ಬರೂ ಕೂಡಿ ಹೋದ ಮೊದಲ ಸಾಹಿತ್ಯ ಸಮ್ಮೇಳನ ನೆನೆದರೆ ಈಗಲೂ ನಗು ಬರುತ್ತದೆ. ಆಳಂದದಲ್ಲಿ, ಮದುವೆಯ ಶಾಮಿಯಾನದ ಕೆಳಗೆ. ಮುಂದಿನ ಸೋಫಾಗಳಲ್ಲಿ ಮುಖಂಡರು, ಹಿಂದಿನ ಕುರ್ಚಿಗಳಲ್ಲಿ ಮಾಸ್ತರರು. ಸಮ್ಮೇಳನಕ್ಕೆ ಬಂದ ನೌಕರರ ರಜೆ ಖರ್ಚಾಗದಂತೆ ಓಓಡಿ ಚೀಟಿ ಕೊಡುವ ಟೇಬಲ್ಲಿನ ಮುಂದೆ ಇದ್ದಷ್ಟು ಜನ ಪುಸ್ತಕ ಮಳಿಗೆಗಳ ಮುಂದೆ ಇರಲಿಲ್ಲ. ನೀನೂ ಆ ಸಾಲಿನಲ್ಲಿ ನಿಂತಿದ್ದೆ ಬಿಡು, ನಾನೇನು ಮರೆತಿಲ್ಲ. ಮಧ್ಯಾಹ್ನದ ಕವಿಗೋಷ್ಠಿಯಲ್ಲಿ ಒಬ್ಬೊಬ್ಬ ಕವಿಯೂ ತನ್ನದು ಓದಿ, ಶಾಲು ಹೊದ್ದು, ಫೋಟೊ ತೆಗೆಸಿಕೊಂಡು ಬಸ್ಸಿಗೆ ಓಡಿದ. ಕೊನೆಯ ಕವಿ ಓದುವಾಗ ಕೇಳಲು ಉಳಿದವರು ನೀನು, ನಾನು, ಮೈಕಿನವನು. ನನಗೂ ಎದ್ದು ಹೋಗುವ ಆತುರ. ನೀನು ನನ್ನ ಕೈ ಹಿಡಿದು ಕೂರಿಸಿದೆ. “ಓದಿದೋರೆಲ್ಲ ಎದ್ದು ಹೋದ್ರ ಕೇಳೋರು ಯಾರ್ ಬೇ? ಕುಂದ್ರು.”

ಆಮೇಲೆ ನನ್ನನ್ನೂ ವೇದಿಕೆಗೆ ಕರೆಯತೊಡಗಿದರು. ಮೊದಲ ಆಮಂತ್ರಣ ಪತ್ರಿಕೆಯಲ್ಲಿ ‘ರೆಹಾನಾ’ ಅಂತ ಅಚ್ಚಾದದ್ದು ಕಂಡು ಕುಣಿದಾಡಿದ್ದೆ, ನೀನು ಪೇಢೆ ತಂದಿದ್ದೆ. ಆಮೇಲೆ ನೋಡಿದರೆ ಗೋಷ್ಠಿಯ ವಿಷಯ ಸೌಹಾರ್ದ. ಮುಂದಿನ ಸಲವೂ ಸೌಹಾರ್ದ. ಅದರ ಮುಂದಿನದು ಭಾವೈಕ್ಯ. ಸೌಹಾರ್ದ ಬೇಡವೆಂದು ನಾನೆಲ್ಲಿ ಅಂದೆ? ನೀನು, ನಾನು ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು, ಅದರ ಮೇಲೆ ಭಾಷಣ ಮಾಡಬೇಕು ಅಂತ ನಮಗೆ ಎಂದೂ ಅನ್ನಿಸಿರಲಿಲ್ಲ, ಅಷ್ಟೇ. ಕತೆ ಬರೆಯುವವಳನ್ನು ಕರೆದು ಕತೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳುತ್ತಿದ್ದರು. ಕೆಳಗಿಳಿದ ಕೂಡಲೇ ಯಾರಾದರೊಬ್ಬರು, “ಭಾಳ ಚಂದ ಕನ್ನಡ ಮಾತಾಡ್ತೀರಲ್ರಿ, ಎಲ್ಲಿ ಕಲಿತ್ರಿ?” ಅಫಜಲಪುರದಲ್ಲಿ ಹುಟ್ಟಿದವಳು ಕನ್ನಡ ಕಲಿಯಲು ಇನ್ನೆಲ್ಲಿಗೆ ಹೋಗಬೇಕಿತ್ತು? ಇತ್ತ ನಮ್ಮ ಮಾಮು ಒಮ್ಮೆ ಉರ್ದು ಕವಿಗಳ ಮುಶಾಯಿರಾಗೆ ಕರೆದೊಯ್ದು, “ಹಮಾರೀ ಬಚ್ಚೀ ಕನ್ನಡ ಮೆ ಲಿಖತೀ”, ನಮ್ಮ ಹುಡುಗಿ ಕನ್ನಡದಲ್ಲಿ ಬರೆಯುತ್ತಾಳೆ, ಅಂತ ಪರಿಚಯಿಸಿದರು. ಅಲ್ಲಿಯವರೂ ತಲೆದೂಗಿ, ಚಹಾ ಕೊಟ್ಟು, ತಮ್ಮ ಉರ್ದು ಗಜಲುಗಳಿಗೆ ಮರಳಿದರು. ಇಲ್ಲಿಗೆ ಬಂದರೆ ಮುಸ್ಲಿಂ ಲೇಖಕಿ, ಅಲ್ಲಿಗೆ ಹೋದರೆ ಕನ್ನಡದ ಲೇಖಕಿ. ಬರೀ ಲೇಖಕಿ ಅನ್ನುವವರು ಎಲ್ಲಿದ್ದಾರೆ ಅಂತ ನಿನ್ನ ಕ್ವಾರ್ಟರ್ಸಿನಲ್ಲಿ ಕೂತು ಅತ್ತಿದ್ದೆ. ಸಮಾಧಾನ ಮಾಡುತ್ತೀ ಅಂದುಕೊಂಡರೆ, “ತಾವಾಗೇ ಸಿಗಂಗಿಲ್ಲ, ಹುಡುಕಬೇಕು. ಮಕಾ ತೊಳ್ಕೊಂಡು ಬಾ” ಅಂದೆ.

ಹುಡುಕಿದ್ದೂ ಹುಡುಕಿದ್ದೇ. ವಾಟ್ಸಾಪಿನಲ್ಲಿ ಸಾಹಿತ್ಯದ ಹೆಸರು ಹೊತ್ತ ಗುಂಪುಗಳಿಗೆಲ್ಲ ನನ್ನನ್ನು ಸೇರಿಸಿದೆ. ಬೆಳಗಾದರೆ ಹೂವಿನ ಚಿತ್ರ, ಸಂಜೆಯಾದರೆ ಯಾರದೋ ಹುಟ್ಟುಹಬ್ಬ. ನಡುವೆ ಕತೆ ಹಾಕಿದರೆ ಓದುವ ಮೊದಲೇ ‘ಸೂಪರ್ ಮೇಡಂ’. ಒಂದು ಗುಂಪಿನವರು ನನಗೆ ರಾಜ್ಯ ಮಟ್ಟದ ಪ್ರಶಸ್ತಿ ಬಂದಿದೆ, ನೋಂದಣಿ ಶುಲ್ಕ ಕಳಿಸಿ ಅಂದಾಗ ನಾನು ಕ್ಷಣ ಹೊತ್ತು ಮರುಳಾಗಿದ್ದೂ ಹೌದು. ನೀನು ಫೋನು ಕಿತ್ತುಕೊಂಡು, “ರೊಕ್ಕ ಕೊಟ್ಟು ಹೊಚ್ಕೊಳ್ಳೋ ಶಾಲು ಬಜಾರದಾಗೇ ಸಿಗ್ತದಲ್ಲ ಬೇ, ಅಷ್ಟು ದೂರ ಯಾಕ ಹೋಗ್ತಿ?” ಅಂದೆ. ಆ ಗುಂಪಿನಿಂದ ನನ್ನನ್ನು ಹೊರಗೆ ಹಾಕಿದವಳೂ ನೀನೇ.

ಜೇವರ್ಗಿಯ ಆ ದಿನವನ್ನು ನಾನು ಈಗಲೂ ಮಂದಿಗೆ ಹೇಳುತ್ತಿರುತ್ತೇನೆ. ಬೆಳಿಗ್ಗೆ ನನ್ನ ಸೌಹಾರ್ದ ಮುಗಿದಿತ್ತು. ಮಧ್ಯಾಹ್ನ ಕವಿಗೋಷ್ಠಿಯಲ್ಲಿ ನಿನ್ನ ಸರದಿ. ನಮ್ಮ ಕಡೆ ಆ ಮೂರು ನಿಮಿಷಕ್ಕಾಗಿ ಕವಿಗಳು ವರ್ಷವಿಡೀ ಕಾಯುತ್ತಾರೆ, ಹೆಸರು ಬಿಟ್ಟುಹೋದರೆ ಮಾತು ಬಿಡುತ್ತಾರೆ. ನೀನು ಮೈಕಿನ ಮುಂದೆ ನಿಂತು, “ಇವತ್ತ ನಾ ಕವನ ಓದಂಗಿಲ್ರಿ. ಇಲ್ಲೇ ಕುಂತ ನಮ್ಮ ರೆಹಾನಾನ ಕತಿ ಓದ್ತೇನಿ. ಮುಂಜಾನಿ ಆಕಿ ಕಡಿಂದ ಎಲ್ಲಾ ಕೇಳೀರಿ, ಕತಿ ಒಂದ ಕೇಳಿಲ್ಲ” ಅಂದೆ. ನಾನು ದುಪಟ್ಟಾ ಮುಖಕ್ಕೆ ಎಳೆದುಕೊಂಡೆ. ನಿರೂಪಕರು ಓಡಿ ಬಂದು, “ಅಕ್ಕಾರ, ಇದು ಕವಿಗೋಷ್ಠಿರಿ” ಅಂದರು. ನೀನು ಅವರನ್ನು ನೋಡಲೂ ಇಲ್ಲ. ಗಂಟೆ ಹೊಡೆದರು, ಓದಿದೆ. ಮತ್ತೆ ಹೊಡೆದರು, ವಾರ್ಡಿನ ಕೊನೆಯ ಮಂಚಕ್ಕೂ ಕೇಳುವ ನಿನ್ನ ಆ ದನಿಯಲ್ಲಿ ಓದಿದೆ. ಕತೆಯಲ್ಲಿ ಹಿರಿಯಕ್ಕ ಮಷಿನ್ನಿನ ಮೇಲೆ ಕೈ ಇಡುತ್ತಾಳಲ್ಲ, ಸರಿಯಾಗಿ ಅಲ್ಲಿಗೆ ಮೈಕ್ ಬಂದ್ ಆಯಿತು. ಹಾಳೆ ಮಡಚಿ, ಶಾಲು ಹೊದೆಸಲು ಬಂದವರಿಗೆ ಕೈ ಮುಗಿದು ಕೆಳಗಿಳಿದೆ. ನಿನ್ನ ಕವನ ಆ ವರ್ಷ ಯಾರೂ ಕೇಳಲೇ ಇಲ್ಲ.

ಹೊರಗೆ ಚಹಾದ ಬಂಡಿಯ ಹತ್ತಿರ ಒಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಆಳಂದದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವ ಮಡಿವಾಳಪ್ಪ ಕಾಕಾ. ನಮಸ್ಕಾರ ಇಲ್ಲ, ಪರಿಚಯ ಇಲ್ಲ. “ಕಡೀಕ ಮಷಿನ್ ಯಾರಿಗ್ ಹೋತ್ರಿ?” ಅವರ ಬೆನ್ನಿಗೇ ಜೇವರ್ಗಿಯ ಕಾಲೇಜು ಹುಡುಗಿ ಭಾಗ್ಯಶ್ರೀ, “ನಾನೂ ಅದನ್ನ ಕೇಳಾಕ ಬಂದೇನ್ರಿ” ಅಂದಳು. ನೀನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದೆ, ನೋಡು, ಸಿಕ್ಕರು ಅನ್ನುವಂತೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಉಳಿದ ಕತೆಯನ್ನು ನೀನೇ ಓದಿದೆ. ಎಷ್ಟು ಬಸ್ಸು ಬಿಟ್ಟೆವೋ ಯಾರಿಗೆ ಗೊತ್ತು!

ನಮ್ಮ ಮನೆಯ ಮಾಳಿಗೆಯ ಮೇಲೆ ನಾಲ್ವರೂ ಮೊದಲ ಸಲ ಕೂಡಿದೆವಲ್ಲ, ಅವತ್ತಿನ ಫಜೀತಿ ನಮ್ಮ ಕಡೆಯವರಿಗೆ ಮಾತ್ರ ಆಗಬೇಕು. ಸಾಹಿತ್ಯ ಅಂದ ಮೇಲೆ ಸನ್ಮಾನ ಇಲ್ಲದೆ ಹೇಗೆ ಅಂತ ಮಡಿವಾಳಪ್ಪ ಕಾಕಾ ಚೀಲದಿಂದ ಶಾಲು ತೆಗೆದರು. ಭಾಗ್ಯಶ್ರೀ ಸಂಕೋಚದಿಂದ ತನ್ನ ಚೀಲದಿಂದಲೂ ಒಂದು ತೆಗೆದಳು. ನಾನು ಕಪಾಟಿನಲ್ಲಿ ಮೊದಲೇ ತಂದಿಟ್ಟಿದ್ದೆ. ಚಹಾ ತಂದ ಅಮ್ಮಿ ಬಾಗಿಲಲ್ಲೇ ನಿಂತು, “ಇತ್ತೇ ಶಾಲಾಂ ಕೈಕೂ ಮಾ? ಕಿಸಕೀ ಶಾದೀ ಹೈ?” ಅಂದಳು. ಇಷ್ಟು ಶಾಲು ಯಾಕೆ, ಮದುವೆ ಯಾರದು ಅಂತ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಎಲ್ಲ ಶಾಲು ಕಸಿದು ನೆಲಕ್ಕೆ ಹಾಸಿದೆ. “ಕುಂದರ್ರಿ ಇದರ ಮ್ಯಾಲ. ನೆಲಾ ಸುಡಾಕತ್ತದ.” ಮಡಿವಾಳಪ್ಪ ಕಾಕಾನಿಗೆ ಕೂರಲು ಮನಸ್ಸೇ ಬರಲಿಲ್ಲ. ಅರ್ಧ ಕತೆ ಮುಗಿಯುವವರೆಗೂ ಅಂಚಿನಲ್ಲಿ ಕುಕ್ಕರಗಾಲಲ್ಲೇ ಇದ್ದರು, ಪಾಪ.

ಅವತ್ತು ನೀನು ಹಾಕಿಕೊಟ್ಟ ಪದ್ಧತಿಯೇ ಈಗಲೂ ನಡೆದಿದೆ. ಬರೆದವರು ಓದಬಾರದು, ಅವರದನ್ನು ಇನ್ನೊಬ್ಬರು ಓದಬೇಕು. ಓದಿದ ಮೇಲೆ ಎಲ್ಲರೂ ಮಾತಾಡಬೇಕು, ಬರೆದವರು ಬಾಯಿ ತೆರೆಯಬಾರದು. ಒಂದು ತಿಂಗಳು ಆಳಂದ, ಒಂದು ತಿಂಗಳು ಜೇವರ್ಗಿ, ಒಂದು ತಿಂಗಳು ನಮ್ಮ ಅಫಜಲಪುರ. ಹೆಣ್ಣುಮಕ್ಕಳು ಮನೆಯಲ್ಲಿ ಬೈಸಿಕೊಳ್ಳಬಾರದಲ್ಲ, ಹಗಲಿನ ಬಸ್ಸಿಗೆ ಎಲ್ಲರೂ ಮನೆ ಮುಟ್ಟಬೇಕು. ನನ್ನ ಕತೆ ಭಾಗ್ಯಶ್ರೀಯ ಬಾಯಲ್ಲಿ ಕೇಳಿದ ದಿನ ನನಗೆ ಎಷ್ಟು ನಾಚಿಕೆ, ಎಷ್ಟು ಸುಖ! ಎಲ್ಲಿ ಸುಳ್ಳು ಬರೆದಿದ್ದೆನೋ ಅಲ್ಲೆಲ್ಲ ಅವಳ ನಾಲಿಗೆ ತಡವರಿಸುತ್ತಿತ್ತು. ಯಾವ ಕಮ್ಮಟದಲ್ಲಿ ಇದನ್ನು ಕಲಿಸುತ್ತಾರೆ, ಹೇಳು?

ನಿನ್ನನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಬಂದಿದ್ದೆ. ಊರಿಗೆಲ್ಲ ಇಂಜೆಕ್ಷನ್ ಕೊಟ್ಟವಳು ನೀನು, ನಿನ್ನ ಕೈಗೇ ಸಲೈನು. ನಾನು ಏನೇನೋ ಮಾತು ಕೂಡಿಸಿಕೊಂಡು ಬಂದಿದ್ದೆ. ನೀನು, “ಈ ಸಲ ಯಾರ ಕತಿ?” ಅಂದೆ. ನಾನು ಹೇಳಿದೆ. ನೀನು, “ನಾ ಬರಲಿಲ್ಲಂತ ನಿಲ್ಲಿಸ್ಬ್ಯಾಡ್ರಿ ಮತ್ತ” ಅಂದೆ. ಅದಾದ ಮೇಲೆ ನಿನ್ನ ದನಿ ನಾನು...

ನಿನ್ನ ಮಣ್ಣಿಗೆಂದು ನಿನ್ನೂರು ನೆಲೋಗಿಗೆ ಬಂದವರಲ್ಲಿ ನಾವು ಮೂವರೂ ಒಂದು ಕಡೆ ನಿಂತಿದ್ದೆವು. ಅಲ್ಲಿಯ ಹಿರಿಯರೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ನೀವು ಗೌರಮ್ಮಗ ಏನಾಗ್ಬೇಕ್ರಿ?” ಅಂತ ಕೇಳಿದರು. ಅಷ್ಟರಲ್ಲಿ ನಿನ್ನ ತಮ್ಮನೇ, “ಅವ್ರು ಅಕ್ಕನ ಮಂದಿರಿ” ಅಂದ. ಆ ದುಃಖದಲ್ಲೂ ನನ್ನ ಎದೆ ಎತ್ತರವಾಯಿತು, ಅಕ್ಕಾ. ನನಗೆ ಯಾವ ವೇದಿಕೆಯಲ್ಲೂ ಅಂಥ ಪರಿಚಯ ಸಿಕ್ಕಿರಲಿಲ್ಲ.

ಈಚೆಗೊಂದು ದಿನ ಅಂಗಡಿಯಲ್ಲಿ ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದಾಗ ದೊಡ್ಡ ಸಮ್ಮೇಳನದವರ ಫೋನು ಬಂತು. ನಾವು ಟಿವಿಯಲ್ಲಿ ನೋಡುತ್ತಿದ್ದೆವಲ್ಲ, ಅಂಥದ್ದು. “ಮೇಡಂ, ಸೌಹಾರ್ದ ಗೋಷ್ಠಿಯಲ್ಲಿ ನಿಮ್ಮ ಹೆಸರು ಹಾಕಿದ್ದೇವೆ.” ನಾನು ಅಂದೆ, “ಸರ್, ಭಾಳ ಖುಷಿ ಆತು. ಆದ್ರ ನಾ ಕತಿ ಬರೀತೇನ್ರಿ. ಕಥಾಗೋಷ್ಠ್ಯಾಗ ಹಾಕಿದ್ರ ಬರ್ತೇನಿ, ಇಲ್ಲಂದ್ರ ಬರಂಗಿಲ್ರಿ.” ಅವರು, ಅಲ್ಲಿ ಎಲ್ಲ ಭರ್ತಿಯಾಗಿದೆ, ಇಂಥ ಅವಕಾಶ ಮತ್ತೆ ಬರುವುದಿಲ್ಲ, ವಿಚಾರ ಮಾಡಿ ಅಂದರು. ವಿಚಾರ ಮಾಡೇ ಹೇಳಾಕತ್ತೇನ್ರಿ ಅಂದೆ. ಫೋನ್ ಇಟ್ಟ ಮೇಲೆ ಬೆರಳು ನಿನ್ನ ನಂಬರಿಗೆ ಹೋಯಿತು. ಸೊಕ್ಕು ಮಾಡಿದೆನಾ ಅಂತ ಯಾರನ್ನು ಕೇಳಲಿ? ಅಮ್ಮಿಯಂತೂ ಮನೆ ಬಾಗಿಲಿಗೆ ಬಂದದ್ದನ್ನು ಒದ್ದೆ ಅಂತ ಎರಡು ದಿನ ಮಾತು ಬಿಟ್ಟಳು. ಮಡಿವಾಳಪ್ಪ ಕಾಕಾ ಮಾತ್ರ, “ಗೌರಕ್ಕ ಇದ್ದಿದ್ರ ಮೈಕ್ ಕಸ್ಕೊತಿದ್ರು, ನೀ ಫೋನ್ ಅಷ್ಟೇ ಇಟ್ಟೀದಿ ಬಿಡವ್ವ” ಅಂದರು. ನಾನು ಆಸೆ ಬಿಟ್ಟುಬಿಟ್ಟಿದ್ದೆ, ನಿಜ ಹೇಳುತ್ತೇನೆ. ವಾರದ ಮೇಲೆ ಆಮಂತ್ರಣ ಬಂತು. ಕಥಾಗೋಷ್ಠಿ. ರೆಹಾನಾ, ಅಫಜಲಪುರ. ಅಷ್ಟೇ ಬರೆದಿದ್ದರು, ನೋಡು.

ಸಮ್ಮೇಳನಕ್ಕೆ ಹೋಗಿ, ಗಂಡನಿಗೆ ಹೇಳದೆ ಸ್ಕೂಟಿ ಕಲಿಯುವ ಹೆಂಗಸಿನ ಕತೆ ಓದಿದೆ. ಅದು ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಬರೆದದ್ದು. ನಮ್ಮ ಬಳಗ ಅದನ್ನು ಹಿಂಜಿ ಹಿಂಜಿ ಇಟ್ಟಿತ್ತು, ಆದ್ದರಿಂದ ದನಿ ನಡುಗಲಿಲ್ಲ. ಚಪ್ಪಾಳೆ ಬಿತ್ತು, ಹೆಚ್ಚೇನಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು, ಅವರ ಮುಂದೆ ಪಂಚೆಯ ಮಾಸ್ತರರೊಬ್ಬರು. ಒಬ್ಬರಿಗೊಬ್ಬರು ಗುರುತಿನವರಲ್ಲ. “ಗಂಡಗ ಒಂದ್ ಮಾತ್ ಹೇಳ್ಬೇಕಿತ್ರಿ ಆಕಿ, ಅದು ತಪ್ಪು” ಅಂತ ಮಾಸ್ತರರು. “ಹೇಳಿದ್ರ ಕಲೀಲಿಕ್ಕ ಬಿಡ್ತಿದ್ನೇನ್ರಿ? ನಿಮಗೇನ್ ಗೊತ್ತದ?” ಅಂತ ಈ ಅಮ್ಮ. ಸಾಲು ಮುಂದೆ ಸರಿದರೂ ಅವರು ಸರಿಯಲಿಲ್ಲ, ಹಿಂದಿನವರು ಗದರಿಸಿದರು. ಆ ಅಮ್ಮ ಗಕ್ಕನೆ ತಿರುಗಿ ನನ್ನನ್ನು ಕಂಡು, “ನೀವೇ ಬರ್ದೋರಲ್ಲ? ಹೇಳ್ರಿ ಇವ್ರಿಗೆ!” ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಮತ್ತೇನೋ ಅಂದರು, ಅಮ್ಮ ಮತ್ತೆ ಅತ್ತ ತಿರುಗಿ ಜಗಳಕ್ಕೆ ನಿಂತರು.

ನಾನು ಯಾರ ಮಗಳು, ಮನೆಯಲ್ಲಿ ಯಾವ ಮಾತು ಆಡುತ್ತೇನೆ ಅಂತ ಕೇಳಲು ಅವರಿಬ್ಬರಿಗೂ ಪುರುಸೊತ್ತೇ ಇರಲಿಲ್ಲ, ಗೌರಕ್ಕಾ.

ನಿನ್ನ ಮಂದಿಯಲ್ಲೊಬ್ಬಳು,
ರೆಹಾನಾ