ರಂಜಿನಿಗಾಗಿ ನೆನೆಸಿದ ಅವರೆಕಾಳು

ನಯನ ಮೇಡಂನವರೇ,

ಟಿ. ನರಸೀಪುರಕ್ಕೆ ಹೊರಟೆ, ಸಂಜೆ ಬರ್ತೀನಿ. ನಾಲ್ಕು ದಿನದಿಂದ ಶಾಲೆಗೇ ಬಾರದ ನಿನ್ನ ಗೆಳತಿ ರಂಜಿನಿ, ಮಧ್ಯಾಹ್ನದ ಬಿಳಿಗೆರೆ ಬಸ್ಸಿಗೆ ನಮ್ಮನೆಗೆ ಬರ್ತಾಳಂತೆ.

ಮೊನ್ನೆ ನೀನು ಅವಳ ಮನೆಗೆ ಹೋಗಿ, ಶಾಲೇಲಿ ಗೆಳತಿಯರಿಗೆ ನೆರವಾಗೋದನ್ನು ಕಲಿಸಿದ ಆ ತರಬೇತಿ ಮೇಡಂ ದನಿ ತೆಗೆದು, ‘ನಿನ್ನ ದುಃಖಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀಯಮ್ಮ?’ ಅಂದಿದ್ದಕ್ಕೇ ಅವಳು ಎದ್ದು ಒಳಗೆ ಹೋದದ್ದು. ಮಿಮಿಕ್ರಿ ನನ್ನ ಇಲಾಖೆ ಕಣೇ. ತರಬೇತೀಲಿ ಕೊಟ್ಟ ನಿನ್ನ ಪ್ರಶ್ನೆಹಾಳೆ ನನ್ನ ಬ್ಯಾಗಲ್ಲಿದೆ, ಹುಡುಕಬೇಡ.

ಅವರೆಕಾಳು ನೆನೆಸಿಟ್ಟಿದ್ದೀನಿ. ಇಬ್ಬರೂ ಹಿದುಕುತ್ತಾ ಕೂತ್ಕೊಳ್ಳಿ. ಕೈಗೆ ಕೆಲಸವಿದ್ದರೆ ಮುಖ ನೋಡಿಕೊಂಡು ಮಾತಾಡಬೇಕಾಗಿಲ್ಲ. ಬದುಕೋದೇ ಬೇಡ ಅನ್ನೋ ಥರ ಏನಾದರೂ ಅಂದರೆ ಮಾತ್ರ ಗುಟ್ಟು ಇಟ್ಕೋಬೇಡ. ಅವಳನ್ನು ಒಬ್ಬಳೇ ಬಿಡದೆ ನನಗೆ ಫೋನ್ ಮಾಡು.

ಏನೂ ಹೇಳದಿದ್ದರೆ ನೀನೂ ಸುಮ್ಮನೆ ಹಿದುಕು. ‘ಇಷ್ಟೊಂದು ಕಾಳು ಯಾರಿಗೇ?’ ಅಂತ ಅಮ್ಮ ಆಗಲೇ ಬೈದಾಯಿತು. ಬೇಕಂತಲೇ ಜಾಸ್ತಿ ನೆನೆಸಿದ್ದೀನಿ. ಉಳಿದದ್ದನ್ನು ಹಿದುಕೋಕೆ ನಾಳೆಯೂ ಬಾ ಅಂತ ಅವಳಿಗೆ ಹೇಳು.

— ನಂದಿತಕ್ಕ