ಹೊಸ್ತಿಲು ದಾಟಿದ ಅಮ್ಮ

ಆಂಗ್‌ಕೆ ಹಳ್ಳಿ, ಚುವಾನ್‌ಚೌ ಸೀಮೆ
ಎಂಟನೇ ತಿಂಗಳ ಹತ್ತೊಂಬತ್ತು, 1934

ಪ್ರೀತಿಯ ಅಣ್ಣನಿಗೆ,

ಪಿನಾಂಗಿನ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಆರಿದವೇ? ಅತ್ತಿಗೆ, ಮಕ್ಕಳು ಸೌಖ್ಯವೇ? ಅಮ್ಮ ಹೋದಳೆಂಬ ತಂತಿ ನಿನ್ನ ಕೈಸೇರಿರಬೇಕು. ತಂತಿಯಲ್ಲಿ ನಾಲ್ಕೇ ಮಾತು. ಉಳಿದದ್ದನ್ನು ಬರೆಯಲು ಕೂತರೆ ಕೈಯೇ ಓಡುತ್ತಿಲ್ಲ.

ಪಟ್ಟಣದ ವೈದ್ಯರು ಕೈಚೆಲ್ಲಿದ ದಿನದಿಂದ ಅಮ್ಮನದು ಒಂದೇ ಹಟ. "ಉಸಿರಿರೋವಾಗಲೇ ಮನೆ ಸೇರಿಸ್ಬಿಡೇ, ಗಿಯೋಕ್. ಹೆಣವಾಗಿ ಹೋದ್ರೆ ಒಳಗೆ ಬಿಟ್ಕೊಳ್ಳಲ್ಲ." ನಿನಗೆ ಗೊತ್ತಿಲ್ಲದ್ದೇ? ಹೊರಗೆ ಸತ್ತವರಿಗೆ ನಮ್ಮ ದೊಡ್ಡ ಬಾಗಿಲು ತೆರೆಯುವುದಿಲ್ಲ. ಗೋಡೆಯಾಚೆ ಚಾಪೆಯ ಚಪ್ಪರದಲ್ಲೇ ಎಲ್ಲ ಮುಗಿಸಬೇಕು. ಸ್ವಂತ ಮಗ ಹೊಳೆಪಾಲಾದಾಗ, ದೊಡ್ಡಮ್ಮ ಕಾಲಿಗೆ ಬಿದ್ದರೂ ದೊಡ್ಡಪ್ಪ ಅಗುಳಿ ತೆಗೆಯಲಿಲ್ಲ. ಹದಿನಾರಕ್ಕೆ ಮದುವಣಗಿತ್ತಿಯಾಗಿ ಬಂದವಳು ಅಮ್ಮ. ಐವತ್ತು ವರ್ಷ ಆ ಮನೆಯ ತೊಟ್ಟಿಯಂಗಳದ ಪಾಚಿ ಉಜ್ಜಿದಳು, ನಡುಮನೆಯ ಕೆಂಪು ಇಟ್ಟಿಗೆಯ ನೆಲವನ್ನು ಮಂಡಿಯೂರಿ ಒರೆಸಿದಳು. ಆ ನಡುತೊಲೆಯ ಕೆಳಗೆ, ಹಿರಿಯರ ಹೆಸರಿನ ಫಲಕಗಳೆದುರು ಒಂದು ದಿನ ಮಲಗುವ ಹಕ್ಕು ಅವಳಿಗಿಲ್ಲದೆ ಇನ್ಯಾರಿಗೆ? ಬದುಕಿದ್ದಷ್ಟು ದಿನ ಸೋರುವ ಪಡುವಣ ಸಾಲಿನ ಕೋಣೆಯೇ ಗತಿಯಾಯಿತು. ಸುಡುಗಾಡು ಮನೆ! ಬೈಯುತ್ತೇನೆ, ಮತ್ತೆ ಅದರ ಕಂಬಕ್ಕೇ ಒರಗಿ ಅಳುತ್ತೇನೆ. ಮದುವೆಯಾಗಿ ಹೊರಗಿನವಳಾದ ನಾನು ಬೇರೇನು ಮಾಡಲಿ, ಹೇಳು.

ಪಟ್ಟಣದಿಂದ ದೋಣಿಯಲ್ಲಿ ಕರೆತಂದೆವು. ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು, ಎಂದಿನ ಅದೇ ಗಂಟುಮುಖ. "ಜೀವ ಇದೆಯೇನೇ?" ಎಂದರು. "ಇದೆ ದೊಡ್ಡಪ್ಪ, ನಿದ್ದೆ ಹತ್ತಿದೆ, ಮೆಲ್ಲಗೆ ಮಾತಾಡಿ" ಎಂದೆ. ಕಂಬಳಿ ಸಮೇತ ಎತ್ತಿಕೊಂಡು ತೊಟ್ಟಿ ಬಳಸಿ ನಡುಮನೆಯಲ್ಲಿ ಮಲಗಿಸಿದೆವು. ಅಮ್ಮ ಅಲ್ಲೇ ಕೊನೆಯುಸಿರೆಳೆದಳು. ಯಾರಾದರೂ ಕೇಳಿದರೆ ನೀನೂ ಹಾಗೆಯೇ ಹೇಳು. ಅವಳ ಹೆಸರಿನ ಫಲಕ ಅಪ್ಪನ ಫಲಕದ ಪಕ್ಕದಲ್ಲೇ ಕೂರುತ್ತದೆ.

ಮಕ್ಕಳ ತಲೆ ಸವರಿದ್ದೇನೆಂದುಕೋ. ಅತ್ತಿಗೆಗೆ ನನ್ನ ನಮಸ್ಕಾರ. ಅಳುತ್ತಾ ಕೂತು ಊಟ ಬಿಡಬೇಡ.

ನಿನ್ನ ತಂಗಿ,
ಗಿಯೋಕ್

ತಾ.ಕ.: ಪತ್ರ ಒಯ್ಯುವವನು ಅವಸರ ಮಾಡುತ್ತಿದ್ದಾನೆ. ಇದನ್ನು ಓದಿ ಸುಟ್ಟುಬಿಡು. ಅಮ್ಮ ಹೊಳೆಯ ತಿರುವಿನಲ್ಲೇ, ನನ್ನ ತೊಡೆಯ ಮೇಲೇ ಹೋಗಿಬಿಟ್ಟಿದ್ದಳು. ನಾನು ಹೇಳಿದ್ದು ಸುಳ್ಳು. ದೊಡ್ಡಪ್ಪ ನನ್ನನ್ನು ನಂಬಲಿಲ್ಲ, ಕಂಬಳಿಯೊಳಗೆ ಕೈಹಾಕಿ ಅಮ್ಮನ ಮಣಿಕಟ್ಟು ಹಿಡಿದರು. ಅದು ತಣ್ಣಗೆ ಕೊರೆಯುತ್ತಿತ್ತು, ಅಣ್ಣ. ಬಹಳ ಹೊತ್ತು ಹಿಡಿದೇ ನಿಂತಿದ್ದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಾಡಿ ಆಡ್ತಾ ಇದೆ, ಬೇಗ ಒಳಗೆ ತನ್ನಿ" ಅಂದರು.